ಬದುವಿನ ಪಾಠ

ನಸುಕಿನಲ್ಲಿ ಫೋನು ಬಂದರೆ ಅಕ್ಕಮ್ಮನಿಗೆ ಆ ದಿನ ಕೆಲಸ ಉಂಟು ಎಂದರ್ಥ, ಬರದಿದ್ದರೆ ಇಲ್ಲ. ಆ ಫೋನಿನಲ್ಲಿ ಮನುಷ್ಯರು ಮಾತಾಡುವುದಿಲ್ಲ. ಯಂತ್ರದ ಹೆಣ್ಣುದನಿಯೊಂದು ಶಾಲೆಯ ಹೆಸರು, ತರಗತಿ, ರಜೆ ಹಾಕಿದ ಟೀಚರಿನ ಹೆಸರು ಇಷ್ಟನ್ನು ಹೇಳಿ, ಒಪ್ಪಿಗೆಯಿದ್ದರೆ ಒಂದನ್ನು ಒತ್ತಿ ಎನ್ನುತ್ತದೆ. ಅಕ್ಕಮ್ಮ ಒತ್ತುತ್ತಾಳೆ. ಆಮೇಲೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸಿ, ಅದನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಅದರ ಮೇಲೆ ಸ್ವೆಟರು, ಅದರ ಮೇಲೆ ಜಾಕೆಟ್ಟು ತೊಟ್ಟು, ಬ್ರ್ಯಾಂಪ್ಟನ್ನಿನ ಯಾವುದೋ ಮೂಲೆಯ ಶಾಲೆಗೆ ಕಾರು ಓಡಿಸುತ್ತಾಳೆ.

ಅದು ಪಾಠ ಮಾಡುವ ಕೆಲಸವಲ್ಲ. ಹಾಜರಿ ತೆಗೆಯಬೇಕು, ರಜೆ ಹಾಕಿದವರು ಬಿಟ್ಟುಹೋದ ಹಾಳೆಗಳನ್ನು ಹಂಚಬೇಕು, ವಿಡಿಯೊ ಹಾಕು ಎಂದು ಬರೆದಿದ್ದರೆ ಹಾಕಬೇಕು, ಹುಡುಗರು ಫೋನು ತೆಗೆದರೆ ಒಳಗಿಡಿ ಎನ್ನಬೇಕು. ಒಂದಿಬ್ಬರ ಹೆಸರು ಬಾಯಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ನಾಳೆ ಬೇರೆ ಶಾಲೆ. ಗದಗ ಸೀಮೆಯ ಮಠದ ಕಾಲೇಜಿನಲ್ಲಿ ಬಿ.ಎ. ಹುಡುಗರಿಗೆ ಅಮೆರಿಕದ ಇತಿಹಾಸ ಹೇಳುತ್ತಿದ್ದವಳು, ಇಲ್ಲಿ ಪರೀಕ್ಷೆಗಳನ್ನು ಮತ್ತೆ ಬರೆದು, ಟೀಚರಿನ ಲೈಸೆನ್ಸು ಪಡೆದು, ಇಷ್ಟು ವರ್ಷಗಳಾದರೂ ಒಂದು ಪಾಠವನ್ನು ಆರಂಭದಿಂದ ಕೊನೆಯವರೆಗೆ ಹೇಳಿರಲಿಲ್ಲ. ಕಾಯಂ ಕೆಲಸಕ್ಕೆ ಅರ್ಜಿ ಹಾಕಿದಾಗಲೆಲ್ಲ ಅವಳ ಮುಂದೆ ಉದ್ದನೆಯ ಸಾಲು ಇರುತ್ತಿತ್ತು.

ಕಳೆದ ಆಗಸ್ಟಿನಲ್ಲಿ ಸುದ್ದಿ ತಂದವಳು ಅದೇ ಬೀದಿಯ ತನುಶ್ರೀ. ಮೈಸೂರಿನವಳು, ಅಕ್ಕಮ್ಮನಿಗಿಂತ ಚಿಕ್ಕವಳು. ಕ್ಯಾಥೊಲಿಕ್ ಬೋರ್ಡಿನ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಳು.

"ಅಕ್ಕಮ್ಮ ಅವ್ರೇ, ನಮ್ ಬೋರ್ಡಿನ ಹೈಸ್ಕೂಲಲ್ಲಿ ಅಮೆರಿಕನ್ ಹಿಸ್ಟರಿ ಹೇಳೋವ್ರು ಬರೋ ಜೂನ್‌ಗೆ ರಿಟೈರ್ ಆಗ್ತಿದಾರೆ. ಈಸ್ಟರ್ ಆದ್ಮೇಲೆ ಪೋಸ್ಟ್ ಹಾಕ್ತಾರೆ. ಪರ್ಮನೆಂಟು. ನಿಮ್ಮ ಮನೆಯಿಂದ ನಡ್ಕೊಂಡು ಹೋಗ್ಬೋದು."

"ನಂದ ಸಬ್ಜೆಕ್ಟ್‌ರೀ ಅದು. ಆದ್ರ ಕ್ಯಾಥೊಲಿಕ್ ಬೋರ್ಡಲ್ರೀ?"

"ಅದಕ್ಕೇನೀಗ? ಆಗಿ."

"ಏನಾಗ್ಲಿ?"

"ಕ್ಯಾಥೊಲಿಕ್ ಆಗಿ ಅಂದೆ. ನಾನಾಗ್ಲಿಲ್ವಾ?"

ಅಕ್ಕಮ್ಮನಿಗೆ ಕಾನ್ವೆಂಟು ಅಂದರೆ ಊರಿನ ಕಾನ್ವೆಂಟೇ. ಅಲ್ಲಿ ಸಿಸ್ಟರುಗಳು ಫೀಸು ಕೇಳುತ್ತಿದ್ದರು, ಶಿಸ್ತು ಕೇಳುತ್ತಿದ್ದರು, ದೇವರನ್ನು ಕೇಳುತ್ತಿರಲಿಲ್ಲ. ಅಮೆರಿಕಕ್ಕೆ ತಾಗಿ ಉತ್ತರಕ್ಕಿರುವ ಈ ಒಂಟಾರಿಯೊ ಪ್ರಾಂತದ ರೀತಿ ಬೇರೆ. ಇಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಗಳ ಎರಡು ಸಾಲುಗಳಿವೆ. ಒಂದು ಎಲ್ಲರದು, ಇನ್ನೊಂದು ಕ್ಯಾಥೊಲಿಕರದು. ದೇಶ ಕಟ್ಟಿದ ಕಾಲಕ್ಕೆ ಇಲ್ಲಿ ಕ್ಯಾಥೊಲಿಕರು ಅಲ್ಪಸಂಖ್ಯಾತರು. ಅವರ ಶಾಲೆಗಳನ್ನು ಕಾಪಾಡುತ್ತೇವೆಂದು ಕೊಟ್ಟ ಮಾತು ಸಂವಿಧಾನದಲ್ಲಿ ಉಳಿದುಬಂದಿದೆ. ಫೀಸಿಲ್ಲ. ಹೈಸ್ಕೂಲಿಗಾದರೆ ಯಾವ ಧರ್ಮದ ಹುಡುಗರೂ ಬರಬಹುದು. ಬ್ರ್ಯಾಂಪ್ಟನ್ನಿನಲ್ಲಿ ಬರುತ್ತಾರೆ ಕೂಡ, ಪೇಟ ಕಟ್ಟಿದವರು, ಕುಂಕುಮ ಇಟ್ಟವರು. ಆದರೆ ಅವರಿಗೆ ಪಾಠ ಹೇಳುವವರು ಮಾತ್ರ, ಇವರು ನಮ್ಮ ಚರ್ಚಿಗೆ ತಪ್ಪದೆ ಬರುವ ಕ್ಯಾಥೊಲಿಕರು ಎಂದು ಪಾದ್ರಿಯಿಂದ ಪತ್ರ ತರಬೇಕು.

"ಸುಳ್ಳು ಹೇಳಿ ದೇವರ ಮುಂದ ನಿಂದರೂದು ಹೆಂಗ್ರೀ?" ಎಂದಳು ಅಕ್ಕಮ್ಮ.

ತನುಶ್ರೀ ನಕ್ಕಳು. "ಸಿಟಿಜನ್‌ಶಿಪ್ ತಗೋವಾಗ ಕೈ ಎತ್ಕೊಂಡು ರಾಣಿಗೆ ನಿಷ್ಠೆ ಅಂತ ಪ್ರಮಾಣ ಮಾಡಿದ್ರಲ್ಲ, ಆಗೇನು ನಿಮಗೆ ರಾಣಿ ಮೇಲೆ ಭಕ್ತಿ ಉಕ್ಕಿ ಹರೀತಿತ್ತಾ? ಇದೂ ಅಷ್ಟೇ. ನಾನು ಇಲ್ಲಿನ ಫಾದರ್ ಹತ್ರ ಪತ್ರ ತಗೊಂಡ್ಮೇಲೆ ಚರ್ಚಿನ ಕಡೆ ತಲೆ ಹಾಕಿ ಮಲಗಿಲ್ಲ. ಯಾರು ಕೇಳಿದ್ರು?"

ಗಂಡ ದಾನಪ್ಪ ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು. ಶಿಫ್ಟು ಮುಗಿಸಿ ಬಂದು, ಬೂಟು ಬಿಚ್ಚುತ್ತಲೇ ವಿಷಯ ಕೇಳಿದ.

"ಇದಕ್ಯಾಕ ಇಷ್ಟು ವಿಚಾರ ಮಾಡ್ತಿ? ಮಠದ ಕಾಲೇಜಿನ್ಯಾಗ ನಿನಗ ನೌಕರಿ ಹೆಂಗ ಸಿಕ್ತು? ನಿನ್ನ ಮಾರ್ಕ್ಸ್ ನೋಡಿ ಕೊಟ್ರೇನು? ಪಗಾರ ಸರಕಾರದ್ದು, ಆರ್ಡರ್ ಮಠದ ಅಜ್ಜಾರದು. ನಿಮ್ಮಪ್ಪ ಹೋಗಿ ಅಜ್ಜಾರ ಪಾದಕ್ಕ ಬಿದ್ದ. ಈಗ ನೀ ಫಾದರ್ ಪಾದಕ್ಕ ಬೀಳು. ಅಷ್ಟ ಫರಕು."

"ಅಜ್ಜಾರು ನಮ್ಮವರಿದ್ರು."

"ಅದನ್ನ ಹೇಳಾಕತ್ತೇನಿ. ನೀ ಅವರವಳಾಗು."

"ಕೊರಳಾಗಿನ ಲಿಂಗ?"

ದಾನಪ್ಪ ಬೂಟನ್ನು ಗೋಡೆಗೆ ಒರಗಿಸಿಟ್ಟ. "ಈ ಥಂಡಿ ದೇಶದಾಗ ಕೊರಳಾಗ ಏನೈತಿ ಅಂತ ಯಾರಿಗೆ ಕಾಣ್ತೈತಿ? ಇರ್ಲಿ ಒಳಗ."

ಮೆಟ್ಟಿಲ ಮೇಲೆ ಕೂತು ಫೋನು ನೋಡುತ್ತಿದ್ದ ಮಗಳು ಮೇಧಾ ತಲೆಯೆತ್ತದೆ, "ಅಮ್ಮಾ, ದಟ್ಸ್ ಸೋ ಫೇಕ್," ಎಂದಳು.

"ನಿನ್ನ ಯೂನಿವರ್ಸಿಟಿ ಫೀಸು ಫೇಕ್ ರೊಕ್ಕದಾಗ ಕಟ್ಟಲೇನ?" ಎಂದ ದಾನಪ್ಪ. ಅವಳು ಎದ್ದು ಮೇಲೆ ಹೋದಳು.

ಸೆಪ್ಟೆಂಬರಿನಿಂದ ಬುಧವಾರದ ಸಂಜೆಗಳು ಚರ್ಚಿನ ಬೇಸ್‌ಮೆಂಟಿಗೆ ಹೋದವು. ಈಸ್ಟರಿಗೆ ದೀಕ್ಷಾಸ್ನಾನ ಪಡೆಯಬೇಕೆನ್ನುವ ದೊಡ್ಡವರಿಗೆ ಅಲ್ಲಿ ತರಗತಿ. ದುಂಡನೆಯ ಮೇಜುಗಳು, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಸಿಹಿ ಬನ್ನುಗಳು. ಫಿಲಿಪೀನ್ಸಿನ ಹುಡುಗಿಯನ್ನು ಮದುವೆಯಾಗಲಿದ್ದವನೊಬ್ಬ, ಮಗನನ್ನು ಕ್ಯಾಥೊಲಿಕ್ ಪ್ರೈಮರಿ ಶಾಲೆಗೆ ಸೇರಿಸಬೇಕಾದ ಟ್ರಕ್ಕಿನವನೊಬ್ಬ, ಹೀಗೆ ನಾಲ್ಕಾರು ಮಂದಿ. ಯಾಕೆ ಬಂದಿರಿ ಎಂದು ಒಬ್ಬರನ್ನೊಬ್ಬರು ಕೇಳಬಾರದೆಂಬ ತಿಳಿವಳಿಕೆ ಮೊದಲ ವಾರವೇ ಎಲ್ಲರಿಗೂ ಬಂದಿತ್ತು.

ಭಾನುವಾರ ಚರ್ಚಿನ ಪೂಜೆಗೆ ಬರಬೇಕಿತ್ತು. ಅಕ್ಕಮ್ಮ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಮೊದಮೊದಲು ಎಲ್ಲರೂ ಎದ್ದಾಗ ಏಳುವುದು, ಮೊಣಕಾಲೂರಿದಾಗ ಊರುವುದು, ಇಷ್ಟರಲ್ಲೇ ಹೊತ್ತು ಹೋಗುತ್ತಿತ್ತು. ಕ್ರಿಸ್‌ಮಸ್ ಕಳೆಯುವ ಹೊತ್ತಿಗೆ ಅವಳಿಗೇ ಗೊತ್ತಿಲ್ಲದೆ ಬೇರೆ ಏನೋ ಆಯಿತು. ಆ ಬೆಂಚಿನಲ್ಲಿ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಹಾಳೆ ಹಂಚಬೇಕಾಗಿರಲಿಲ್ಲ. ಪೂಜೆ ಮುಗಿದು ಜನ ಎದ್ದುಹೋದ ಮೇಲೂ, ಕಿಟಕಿಯ ಬಣ್ಣದ ಬೆಳಕು ಖಾಲಿ ಬೆಂಚುಗಳ ಮೇಲೆ ಬಿದ್ದಿರುವಾಗ, ಅವಳು ಕೂತಿರುತ್ತಿದ್ದಳು. ಊರಲ್ಲಿ ಕಳೆ ತೆಗೆದು ದಣಿದ ಹೆಂಗಸರು ಬೇವಿನ ಮರದ ಕೆಳಗೆ ಮಾತಿಲ್ಲದೆ ಕೂರುತ್ತಿದ್ದರಲ್ಲ, ಹಾಗೆ. ಕೈ ತಾನಾಗಿ ಸ್ವೆಟರಿನ ಮೇಲೆ, ಲಿಂಗವಿದ್ದ ಜಾಗಕ್ಕೆ ಹೋಗುತ್ತಿತ್ತು. ಇದು ಯಾವ ದೇವರ ಮುಂದೆ ಎಂದು ಅವಳು ವಿಂಗಡಿಸಲು ಹೋಗಲಿಲ್ಲ. ಮನೆಯಲ್ಲಿ ಹೇಳಲೂ ಇಲ್ಲ.

ಪಾದ್ರಿ ಫಾದರ್ ಮೊಂತೆರೊ ಕಾರ್ಕಳದ ಕಡೆಯವರು. ಅರವತ್ತು ದಾಟಿದ, ಮಂಡಿನೋವಿನ ಮನುಷ್ಯ. ಇವಳು ಕನ್ನಡದವಳೆಂದು ತಿಳಿದ ದಿನ ಅವರ ಮುಖ ಅರಳಿತ್ತು.

"ಗದಗದವರಾ? ನಮ್ಮಲ್ಲಿಗೆ ರೋಡ್ ಕೆಲಸಕ್ಕೆ ಬರುದು ಪೂರಾ ನಿಮ್ಮ ಕಡೆಯವರೇ ಮಾರಾಯ್ರೆ. ರೊಟ್ಟಿ ಬಡಿಯುವ ಶಬ್ದ ಕೇಳಿದರೆ ನಮಗೆ ಗೊತ್ತಾಗುದು, ಓ, ರಸ್ತೆ ಆಗ್ತದೆ ಅಂತ."

"ಮತ್ತ ನಿಮ್ಮ ಕಡೆಯವರು ನಮ್ಮೂರಿಗೆ ಬಂದು ಹೋಟೆಲ್ ಹಾಕ್ತಾರಲ್ರೀ. ನಾವು ರಸ್ತೆ ಮಾಡೂದು, ನೀವು ಅದರ ಬಾಜೂಕ ಇಡ್ಲಿ ಮಾರೂದು."

ಫಾದರ್ ಹೊಟ್ಟೆ ಕುಲುಕಿಸಿ ನಕ್ಕಿದ್ದರು. ಅಂದಿನಿಂದ ಎದುರಾದಾಗಲೆಲ್ಲ ಎರಡು ಮಾತು ಕನ್ನಡದಲ್ಲಿ ಆಡದೆ ಬಿಡುತ್ತಿರಲಿಲ್ಲ. ನಿಮಗೆ ಪತ್ರ ಸಿಕ್ಕ ಹಾಗೆಯೇ ಎಂದಳು ತನುಶ್ರೀ. ಅಕ್ಕಮ್ಮನಿಗೂ ಹಾಗೇ ಅನಿಸಿತ್ತು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಫಾದರ್ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕರೆದು ಮಾತಾಡುತ್ತಾರೆ. ಅದು ಮುಗಿದರೆ ದೀಕ್ಷಾಸ್ನಾನ, ಅದಾದರೆ ಪತ್ರ. ಅಕ್ಕಮ್ಮನ ಸರದಿ ಒಂದು ಶನಿವಾರ ಮಧ್ಯಾಹ್ನ ಬಂತು. ಹೊರಗೆ ಹಿಮ ಕರಗಿ, ಪಾರ್ಕಿಂಗ್ ಜಾಗದ ತುಂಬ ಉಪ್ಪು ಬೆರೆತ ಕಪ್ಪು ನೀರು ನಿಂತಿತ್ತು. ಹೊರಡುವಾಗ ದಾನಪ್ಪ ಬಾಗಿಲ ತನಕ ಬಂದು, "ಕೇಳಿದ್ದಕ್ಕ ಹ್ಞೂಂ ಅನ್ನು. ಜಾಸ್ತಿ ಮಾತಾಡಬ್ಯಾಡ," ಎಂದು ಹೇಳಿ ಕಳಿಸಿದ್ದ.

ಆಫೀಸಿನ ಮೇಜಿನ ಮೇಲೆ ಕಾಗದಗಳ ರಾಶಿ ಇತ್ತು. ಫಾದರ್ ಅದನ್ನು ಎರಡೂ ಕೈಯಿಂದ ಪಕ್ಕಕ್ಕೆ ಸರಿಸಿದರು.

"ನೋಡಿ ಇದನ್ನು. ಪೂರಾ ಸ್ಕೂಲಿನದ್ದು. ಮಗುವಿಗೆ ಸೀಟು ಬೇಕು, ಸರ್ಟಿಫಿಕೇಟ್ ಕೊಡಿ. ಕೆಲಸ ಬೇಕು, ಲೆಟರ್ ಕೊಡಿ. ನಾನು ಪಾದ್ರಿಯಾ, ತಾಲೂಕು ಆಫೀಸಿನ ಗುಮಾಸ್ತನಾ, ನನಗೇ ಗೊತ್ತಾಗುದಿಲ್ಲ." ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಇರ್ಲಿ. ನಿಮ್ಮ ವಿಷಯ ಹೇಳಿ. ಅಲ್ಲಿ ಕಾಲೇಜಲ್ಲಿ ಎಂತ ಕಲಿಸ್ತಾ ಇದ್ದದ್ದು ನೀವು?"

"ಇತಿಹಾಸ್ರಿ. ಅಮೆರಿಕದ್ದು."

"ಅಮೆರಿಕದ್ದಾ? ಗದಗದಲ್ಲಿ ಅಮೆರಿಕ ಯಾರಿಗೆ ಬೇಕು?"

"ಬಿ.ಎ.ಗೆ ಪೇಪರ್ ಇತ್ರಿ ಫಾದರ್. ಹುಡುಗ್ರು ಮೊದಲ ದಿನ ನಿದ್ದಿ ಮಾಡತಿದ್ರು. ಆಮ್ಯಾಲ ಮಾಡತಿರಲಿಲ್ಲ."

"ಅಲ್ಲಿ ಚರ್ಚಿಗೂ ಸರ್ಕಾರಕ್ಕೂ ಮಧ್ಯ ಗೋಡೆ ಉಂಟು ಅಂತ ಹೇಳ್ತಾರಲ್ಲ, ಅದೂ ಉಂಟಾ ನಿಮ್ಮ ಪೇಪರಲ್ಲಿ? ನನಗೆ ಅದು ಯಾವತ್ತೂ ಸರಿ ಅರ್ಥ ಆಗ್ಲಿಲ್ಲ. ದೇವರನ್ನು ಹೊರಗೆ ಹಾಕುದು ಅಂತಲೇ ನಾವು ಪಾದ್ರಿ ಆಗ್ಲಿಕ್ಕೆ ಓದುವಾಗ ಸೆಮಿನರಿಯಲ್ಲಿ ಕೇಳಿದ್ದು."

"ಅಲ್ರಿ ಫಾದರ್," ಎಂದಳು ಅಕ್ಕಮ್ಮ. ಆ ಎರಡು ಮಾತು ಹೊರಬಿದ್ದ ರೀತಿ ಅವಳಿಗೇ ಹೊಸದಾಗಿತ್ತು. ಬಹಳ ವರ್ಷಗಳಿಂದ ಮುಚ್ಚಿದ್ದ ಬಾವಿಯ ಹಲಗೆ ಸರಿದಂತಾಯಿತು. ಎದುರಿಗೆ ಒಬ್ಬರು ಕೂತಿದ್ದಾರೆ, ಅವರಿಗೆ ವಿಷಯ ಗೊತ್ತಿಲ್ಲ, ತಿಳಿಯುವ ಆಸೆ ಇದೆ. ಇಂಥ ಗಳಿಗೆ ಈ ದೇಶದಲ್ಲಿ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ. ಕುರ್ಚಿಯ ಅಂಚಿಗೆ ಸರಿದು ಕೂತಳು.

"ನಮ್ಮ ಹುಡುಗ್ರಿಗೆ ನಾ ಹೊಲದ ಬದುವಿನಿಂದ ಸುರು ಮಾಡತಿದ್ದೆ. ಎರಡು ಹೊಲದ ನಡುವ ಬದು ಯಾಕ ಹಾಕ್ತಾರ ಹೇಳ್ರಿ ಅಂತ."

"ಬದು ಅಂದರೆ, ನಮ್ಮಲ್ಲಿ ಪುಣಿ ಅಂತ ಹೇಳುದು, ಗದ್ದೆಯ ಪುಣಿ."

"ಹಾಂ, ಅದ. ಜಗಳಕ್ಕ ಅಂತಿದ್ರು ಹುಡುಗ್ರು. ಜಗಳಕ್ಕಲ್ಲೋ ತಮ್ಮಾ. ಮ್ಯಾಲಿನ ಹೊಲದ ನೀರು ಬಂದು ಕೆಳಗಿನ ಹೊಲದ ಮಣ್ಣು ತಗೊಂಡು ಹೋಗಬಾರದು ಅಂತ. ಬದು ಕಿತ್ತು ಹಾಕಿದ್ರ ಮೊದಲನೇ ವರ್ಷ ಕೆಳಗಿನವಗ ಖುಷೀನ. ಪುಕ್ಕಟೆ ನೀರು ಬಂತು ಅಂತಾನ. ನಾಲ್ಕು ಮಳಿಗಾಲ ಹೋಗ್ಲಿ, ಕರೀ ಮಣ್ಣೆಲ್ಲ ಹೋಗಿ ಬರೇ ಗರಸು ಕಲ್ಲು ಉಳೀತೈತಿ. ಅಮೆರಿಕದಾಗ ಸರಕಾರ ಅನ್ನೋ ಮ್ಯಾಲಿನ ಹೊಲಕ್ಕೂ ಚರ್ಚು ಅನ್ನೋ ಕೆಳಗಿನ ಹೊಲಕ್ಕೂ ನಡುವ ಬದು ಹಾಕ್ರಿ ಅಂತ ಗಂಟು ಬಿದ್ದವರು ಯಾರು ಅಂತೀರಿ? ದೊಡ್ಡ ನಾಯಕರ ಮಾತು ಬ್ಯಾರೆ, ಅವರು ಓದಿಕೊಂಡವರು. ಊರಾಗಿನ ಮಂದಿಯೊಳಗ ಕೇಳಿದವರು ದೇವರಿಲ್ಲ ಅನ್ನೋರಲ್ಲ. ಬ್ಯಾಪ್ಟಿಸ್ಟರು ಅಂತ ಒಂದು ಕ್ರೈಸ್ತ ಪಂಥ. ಮೂರು ಹೊತ್ತೂ ಪ್ರಾರ್ಥನಾ ಮಾಡೋ ಮಂದಿ."

"ಹೌದಾ?" ಫಾದರ್ ಕನ್ನಡಕ ಹಾಕಿಕೊಂಡರು.

"ವರ್ಜೀನಿಯಾದಾಗ ಅವರ ಪ್ರವಚನಕಾರರನ್ನ ಜೈಲಿಗೆ ಹಾಕ್ತಿದ್ರು, ಲೈಸೆನ್ಸ್ ಇಲ್ಲ ಅಂತ. ಅವರು ಬಿಡ್ತಾರೇನು? ಜೈಲಿನ ಕಿಟಕ್ಯಾಗ ನಿಂತು ಪ್ರವಚನ ಮಾಡಿದ್ರು, ಹೊರಗ ಮಂದಿ ನಿಂತು ಕೇಳಿದ್ರು. ಅದಕ್ಕೂ ಎಷ್ಟೋ ಮೊದಲ ಒಬ್ಬ ಪಾದ್ರಿ, ಮ್ಯಾಸಚೂಸೆಟ್ಸಿನಿಂದ ಹೊರಗ ಹಾಕಿಸಿಕೊಂಡವ, ಚರ್ಚು ಅಂದ್ರ ತ್ವಾಟ, ಸರಕಾರ ಅಂದ್ರ ಕಾಡು, ನಡುವ ಬೇಲಿ ಬಿತ್ತಂದ್ರ ಕಾಡಿಗೇನೂ ಆಗೂದಿಲ್ಲ, ತ್ವಾಟ ಕಾಡಾಗ್ತೈತಿ ಅಂತಿದ್ದ. ಅವನ ಚಿಂತಿ ಸರಕಾರದ್ದಲ್ರಿ. ತ್ವಾಟದ್ದು."

ಅವಳ ಕೈಗಳು ಈಗ ಗಾಳಿಯಲ್ಲಿ ಆಡುತ್ತಿದ್ದವು. ದನಿ ಕೊನೆಯ ಬೆಂಚಿಗೆ ಕೇಳುವಷ್ಟು ಏರಿತ್ತು.

"ಕನೆಕ್ಟಿಕಟ್‌ದಾಗ ಜೈಲಿನಷ್ಟು ಘೋರ ಇರಲಿಲ್ಲ. ಸಣ್ಣ ಕಿರಿಕಿರಿ. ಅದು ಜಾಸ್ತಿ ಸುಡ್ತೈತಿ ನೋಡ್ರಿ. ಅಲ್ಲಿ ಸರಕಾರಕ್ಕ ಒಂದು ಚರ್ಚಿತ್ತು. ಅದಕ್ಕ ಎಲ್ಲಾರೂ ತೆರಿಗಿ ಕೊಡಬೇಕು. ನೀ ಬ್ಯಾಪ್ಟಿಸ್ಟ್ ಇದ್ದಿಯೇನು, ಆತು, ನಿನ್ನ ಬಿಡ್ತೀವಿ. ಆದ್ರ ನೀ ಖರೇನ ನಿನ್ನ ಚರ್ಚಿಗೆ ಹೋಗ್ತಿ ಅನ್ನೂದಕ್ಕ ಬರಹದಾಗ ಒಂದು ಪತ್ರ..."

ಅಲ್ಲಿಗೆ ಅವಳ ಮಾತು ನಿಂತಿತು.

ಫಾದರ್ ಮೇಜಿನ ಮೇಲಿನ ರಾಶಿಯನ್ನು ನೋಡಿದರು, ಅವಳನ್ನು ನೋಡಿದರು.

"ಹೇಳಿ. ನಿಲ್ಲಿಸಿದ್ದು ಯಾಕೆ?"

"ಅಷ್ಟರಿ."

"ಅಷ್ಟೇ ಅಲ್ಲ. ಪಾಠ ಅರ್ಧಕ್ಕೆ ಬಿಡುವ ಟೀಚರ್ ಅಲ್ಲ ನೀವು. ಪತ್ರ ತರ್ಬೇಕು. ಮತ್ತೆ?"

ಅಕ್ಕಮ್ಮ ಸಣ್ಣ ದನಿಯಲ್ಲಿ ಮುಗಿಸಿದಳು. "ಆ ಬ್ಯಾಪ್ಟಿಸ್ಟರು ಅಮೆರಿಕದ ಹೊಸ ಅಧ್ಯಕ್ಷರಿಗೆ ಬರೆದ್ರು. ನಮ್ಮ ದೇವರನ್ನ ನಾವು ನಂಬೂದು ನೀವು ಕೊಡೋ ರಿಯಾಯಿತಿ ಅಲ್ಲ, ಅದು ನಮ್ಮ ಹಕ್ಕು ಅಂತ. ಅಧ್ಯಕ್ಷರು ವಾಪಸ್ ಬರೆದ ಉತ್ತರದಾಗ ಆ ಗೋಡಿ ಅನ್ನೋ ಮಾತು ಬಂತು. ಬಂದ ಮ್ಯಾಲೂ ಕನೆಕ್ಟಿಕಟ್‌ದಾಗ ಎಷ್ಟೋ ವರ್ಷ ಆ ಪದ್ಧತಿ ನಡೀತು. ಮಾತು ಬ್ಯಾರೆ, ಗೋಡಿ ಬ್ಯಾರೆ ಅಂತ ನಾ ಹುಡುಗ್ರಿಗೆ ಹೇಳತಿದ್ದೆ. ಈಗ ಅಲ್ಲೂ ಕಲ್ಲು ಒಂದೊಂದ ಕೀಳಾಕತ್ತಾರ ಬಿಡ್ರಿ."

ಫಾದರ್ ಮಂಡಿ ತಿಕ್ಕಿಕೊಂಡರು. ಎದ್ದು ಕಿಟಕಿಯ ಹತ್ತಿರ ಹೋಗಿ, ಪಾರ್ಕಿಂಗಿನಲ್ಲಿ ನಿಂತ ನೀರು ನೋಡುತ್ತ ನಿಂತರು.

"ನನಗೆ ಇದು ಯಾರೂ ಹೀಗೆ ಹೇಳ್ಲಿಲ್ಲ," ಎಂದರು. "ನಾನು ಇಲ್ಲಿ ಬಂದ ಲಾಗಾಯ್ತು ಯೋಚಿಸ್ತಾ ಇದ್ದೆ, ಇಷ್ಟು ಜನ ಬರ್ತಾರೆ, ದೀಕ್ಷಾಸ್ನಾನ ತೆಗೊಳ್ತಾರೆ, ಮತ್ತೆ ಎಲ್ಲಿ ಹೋಗ್ತಾರೆ ಅಂತ. ನನ್ನ ಚರ್ಚಿನ ಉಪದೇಶದಲ್ಲಿ ದೋಷ ಅಂತ ಗ್ರಹಿಸಿದ್ದೆ. ಈಗ ಗೊತ್ತಾಯ್ತು. ಮಣ್ಣು ಹೋಗಿದೆ ಅಲ್ವಾ?"

ಅಕ್ಕಮ್ಮನಿಗೆ ಒಳ್ಳೆಯ ವಿದ್ಯಾರ್ಥಿಯ ಬಾಯಲ್ಲಿ ಉತ್ತರ ಕೇಳಿದ ಖುಷಿಯಾಯಿತು. ಭಯ ಅದರ ಹಿಂದೆ ಬಂತು.

ಫಾದರ್ ತಿರುಗಿ ಬಂದು ಕೂತರು. "ಒಂದು ಕೇಳ್ತೇನೆ. ಇಲ್ಲಿಯ ಹೈಸ್ಕೂಲಿನಲ್ಲಿ ಹಿಸ್ಟರಿ ಪೋಸ್ಟು ಖಾಲಿ ಆಗುದು ನನಗೂ ಗೊತ್ತುಂಟು. ಅದು ಇಲ್ಲದಿದ್ದರೆ ನೀವು ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬರ್ತಿದ್ರಾ?"

ಬರ್ತಿದ್ದೆ ಎನ್ನಬೇಕಿತ್ತು. ಎಲ್ಲರೂ ಹಾಗೇ ಅಂದಿರುತ್ತಾರೆ. ಆದರೆ ಅವಳು ಇನ್ನೂ ಪಾಠದ ಒಳಗೇ ಇದ್ದಳು. ಈಗಷ್ಟೇ ಅಷ್ಟು ದೊಡ್ಡ ದನಿಯಲ್ಲಿ ನಿಜ ಹೇಳಿದ ಬಾಯಿ ಬೇರೆ ಕಡೆ ಹೊರಳಲಿಲ್ಲ.

"ಇಲ್ರಿ," ಎಂದಳು.

"ಈಗ?"

"ಈಗ ಗೊತ್ತಿಲ್ರಿ. ಹಿಂದಿನ ಬೆಂಚಿನ್ಯಾಗ ಕೂತ್ರ ಚೊಲೊ ಅನಸ್ತೈತಿ. ಯಾಕ ಅಂತ ಕೇಳಬ್ಯಾಡ್ರಿ."

ಫಾದರ್ ತಲೆಯಾಡಿಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಈ ವರ್ಷ ಬೇಡ ಅಕ್ಕಮ್ಮ. ಆ ಪೋಸ್ಟಿನ ಗಡಿಬಿಡಿ ಪೂರಾ ಮುಗೀಲಿ. ಯಾವ ಕೆಲಸವೂ ಎದುರಿಗೆ ಇಲ್ಲದಾಗ ಬನ್ನಿ. ಆಗ ಮಾತಾಡುವ."

"ಆಗ ಬಂದು ಏನ್ ಮಾಡ್ಲಿ ಫಾದರ್? ನೌಕರಿ ಹೋಗಿರ್ತೈತಿ."

"ಅದಕ್ಕೇ."

"ತನುಶ್ರೀಗೆ ಕೊಟ್ರಿ. ಆಕಿ ತಿರುಗಿ ಬಂದ್ಲೇನು?"

"ಅವರು ನಂಬಿಕೆ ಉಂಟು ಅಂದ್ರು, ಬರೆದುಕೊಟ್ಟೆ. ಮನುಷ್ಯರ ಎದೆ ಬಗೆದು ನೋಡ್ಲಿಕ್ಕೆ ನನಗೆ ಬರುದಿಲ್ಲ. ನೀವು ಬಗೆದು ತೋರಿಸಿದ್ರಲ್ಲ. ನೋಡಿದ ಮೇಲೆ ಸಹಿ ಹೇಗೆ ಹಾಕುದು?"

"ಅಂದ್ರ ಸುಳ್ಳು ಹೇಳಿದ್ರ ನೌಕರಿ ಸಿಗ್ತಿತ್ತು."

"ಹೌದು. ಸಿಗ್ತಿತ್ತು."

"ಆ ನೌಕರಿ ನಿಮ್ಮದಲ್ರಿ. ಸರಕಾರದ್ದು. ಅದರ ಪಗಾರದಾಗ ನನ್ನ ಗಂಡ ಕಟ್ಟೋ ತೆರಿಗೀನೂ ಐತಿ."

"ಗೊತ್ತುಂಟು ಮಾರಾಯ್ರೆ. ಈ ಊರಿಗೆ ಪುಣಿ ಹಾಕುವ ಅಧಿಕಾರ ನನಗಿಲ್ಲ. ನನ್ನ ಪಾಲಿನ ಒಂದು ಬುಟ್ಟಿ ಮಣ್ಣು ಹಾಕ್ತೇನೆ, ಅಷ್ಟೇ."

ಅಕ್ಕಮ್ಮ ಎದ್ದು ಜಾಕೆಟ್ಟಿನ ಜಿಪ್ಪು ಎಳೆದುಕೊಂಡಳು. "ಆ ಬುಟ್ಟಿ ಮಣ್ಣು ನನ್ನ ಬಾಯಾಗ ಬಿತ್ತಲ್ರಿ ಫಾದರ್," ಎಂದಳು. ಬಾಗಿಲ ತನಕ ಅವರು ಕುಂಟುತ್ತ ಜೊತೆಗೆ ಬಂದರು. ಅವಳು ತಿರುಗಿ ನೋಡಲಿಲ್ಲ.

ದಾನಪ್ಪ ಮೊದಲು ನಂಬಲಿಲ್ಲ. ನಂಬಿದ ಮೇಲೆ ಕೂಗಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

"ನೀ ಅಲ್ಲಿ ಹೋಗಿ ಪಾಠ ಮಾಡಿದಿ."

"ಅವರು ಕೇಳಿದ್ರು."

"ಅವರು ಕೇಳ್ತಾರ. ಹೊತ್ತು ಹೋಗಬೇಕಲ್ಲ ಅವರಿಗೂ. ನಿನಗ ಬುದ್ಧಿ ಬ್ಯಾಡೇನು? ಚರ್ಚಿನ್ಯಾಗ ಕುಂತು, ಪಾದ್ರಿ ಮುಂದ, ಚರ್ಚಿಗೂ ಸರಕಾರಕ್ಕೂ ಸಂಬಂಧ ಇರಬಾರದು ಅಂತ ಪಾಠ ಮಾಡಿ, ಅದ ಬಾಯಿಲೆ ಸರಕಾರದ ನೌಕರಿಗೆ ಪಾದ್ರಿ ಪತ್ರ ಬೇಡಿದಿ. ಹುಚ್ಚರ ಸಂತ್ಯಾಗೂ ಇಂಥಾದ್ದು ನಡ್ಯೂದಿಲ್ಲ." ತಟ್ಟೆಯಲ್ಲಿ ಕೈ ತೊಳೆದು ಎದ್ದ. ಸ್ವಲ್ಪ ಹೊತ್ತಿನ ಮೇಲೆ, "ಮಿಸ್ಸಿಸಾಗಾದ ಕಡೆ ಬ್ಯಾರೆ ಚರ್ಚು ನೋಡೋಣೇನು?" ಎಂದ.

"ಮತ್ತ ಸೆಪ್ಟೆಂಬರಿನಿಂದ ಸುರು ಮಾಡಬೇಕು. ಅಷ್ಟರಾಗ ಆ ಪೋಸ್ಟ್ ಇರೂದಿಲ್ಲ."

ಮೇಧಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ತಾಯಿಯ ತಟ್ಟೆ ತೆಗೆದುಕೊಂಡು ಹೋಗಿ ತೊಳೆದಿಟ್ಟಳು.

ಈಸ್ಟರ್ ಆಯಿತು. ಟ್ರಕ್ಕಿನವನಿಗೂ ಮದುವೆಯ ಹುಡುಗನಿಗೂ ದೀಕ್ಷಾಸ್ನಾನವಾಯಿತೆಂದು ತಿಳಿಯಿತು. ಹೈಸ್ಕೂಲು ಪೋಸ್ಟು ಹಾಕಿತು, ದಿನ ಮುಗಿಯಿತು, ಆಯ್ಕೆಯೂ ಆಯಿತು. ಮೇ ತಿಂಗಳ ಕೊನೆಯಲ್ಲಿ ತನುಶ್ರೀ ಅಂಗಳದಲ್ಲಿ ಗುಲಾಬಿ ಗಿಡ ನೆಡುತ್ತಿದ್ದವಳು ಕೈಯ ಮಣ್ಣು ಕೊಡವಿಕೊಂಡು ಬಂದಳು.

"ಒಬ್ಬ ಹುಡುಗ ಬಂದಿದಾನೆ ಅಕ್ಕಮ್ಮ ಅವ್ರೇ. ಜಿಯಾಗ್ರಫಿ ಓದ್ದೋನು. ಅಮೆರಿಕನ್ ಹಿಸ್ಟರಿ ಅಂದ್ರೆ ಏನೂ ಬರಲ್ಲಂತೆ ಪಾಪ, ಬೇಸಿಗೆ ರಜದಲ್ಲಿ ಓದ್ಕೋತಾನಂತೆ. ನಮ್ ನೇಬರ್ ಒಬ್ರು ಇದಾರೆ, ಅದ್ರಲ್ಲಿ ಎಕ್ಸ್‌ಪರ್ಟು ಅಂತ ನಾನು ಹೇಳಿದ್ದೆ. ನೋಟ್ಸ್ ಏನಾದ್ರೂ ಇದ್ರೆ ಕೊಡ್ತಾರಾ ಅಂತ ಕೇಳ್ದ."

ಅಕ್ಕಮ್ಮನ ನೋಟ್ಸು ಊರಿಂದ ತಂದ ಟ್ರಂಕಿನಲ್ಲಿ, ಬೇಸ್‌ಮೆಂಟಿನಲ್ಲಿ ಇದ್ದವು.

"ಇಲ್ರಿ," ಎಂದಳು. "ಎಲ್ಲಾ ಊರಾಗ ಬಿಟ್ಟು ಬಂದೇನಿ." ಈ ಸಲ ಸುಳ್ಳು ಸಲೀಸಾಗಿ ಬಂತು.

"ನೀವೂ ಅಷ್ಟೇ ಬಿಡಿ. ಯಾರಾದ್ರೂ ಇಂಟರ್‌ವ್ಯೂನಲ್ಲಿ ಹೋಗಿ ಇಂಟರ್‌ವ್ಯೂ ಮಾಡೋರಿಗೇ ಪಾಠ ಹೇಳ್ತಾರಾ? ಕೇಳಿ ನಮ್ಮನೆಯವ್ರು ಎಷ್ಟು ನಕ್ಕರು ಗೊತ್ತಾ?" ತನುಶ್ರೀ ಅವಳ ತೋಳು ತಟ್ಟಿ ಗಿಡದ ಕಡೆ ಹೋದಳು.

ಜೂನ್ ಮುಗಿದು ಶಾಲೆಗಳು ಮುಚ್ಚಿದವು. ನಸುಕಿನ ಫೋನು ನಿಂತಿತು. ಸೆಪ್ಟೆಂಬರ್ ತನಕ ಅದು ಬರುವುದಿಲ್ಲ. ಜುಲೈನ ಒಂದು ಭಾನುವಾರ ಅಕ್ಕಮ್ಮ ಹಾಲು, ಮೊಸರು ತರಲು ಕಾರು ತೆಗೆದವಳು ಅಂಗಡಿಯನ್ನು ದಾಟಿ ಚರ್ಚಿನ ಪಾರ್ಕಿಂಗಿಗೆ ತಿರುಗಿಸಿದಳು. ಯೋಚಿಸಿ ಮಾಡಿದ್ದಲ್ಲ. ಅವಳ ಎದುರಿಗೆ ಯಾವ ಪೋಸ್ಟೂ ಇರಲಿಲ್ಲ, ಯಾವ ಅರ್ಜಿಯೂ ಇರಲಿಲ್ಲ. ಪೂಜೆ ಅರ್ಧವಾಗಿತ್ತು. ಹಿಂದಿನ ಬೆಂಚಿನ ಅದೇ ಜಾಗ ಖಾಲಿಯಿತ್ತು. ಕೂತಳು. ತೆಳುವಾದ ಬೇಸಿಗೆಯ ಕುರ್ತಾದ ಒಳಗೆ ಲಿಂಗದ ಉಬ್ಬು ಕಾಣುತ್ತಿತ್ತು. ದುಪಟ್ಟಾ ಎಳೆದುಕೊಳ್ಳಲಿಲ್ಲ. ಎಲ್ಲರೂ ಎದ್ದಾಗ ಎದ್ದಳು. ಫಾದರ್‌ಗೆ ಒಂದು ಮಾತು ಹೇಳಬೇಕು, ನೀವು ಹೇಳಿದ ಹಾಗೆ ಬಂದೆ ಅನ್ನಬೇಕು ಎಂದುಕೊಂಡಳು.

ಪೂಜೆ ಮುಗಿದ ಮೇಲೆ ಫಾದರ್ ಮೊಂತೆರೊ ಬಾಗಿಲಲ್ಲಿ ನಿಂತು ಹೊರಡುವವರ ಕೈ ಕುಲುಕುತ್ತಿದ್ದರು. ಜನ ಸಾಲಾಗಿ ಸರಿಯುತ್ತಿದ್ದರು. ಅಕ್ಕಮ್ಮನ ಸರದಿ ಬಂದಾಗ ಅವರು ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಮುಖದಲ್ಲಿ ಹಳೆಯ ಪ್ರೀತಿಯೇ ಇತ್ತು.

"ಓ, ಬನ್ನಿ ಬನ್ನಿ. ಈ ಸಲ ಯಾವ ಸ್ಕೂಲು?"

ಅಕ್ಕಮ್ಮನಿಗೆ ತಕ್ಷಣ ಅರ್ಥವಾಗಲಿಲ್ಲ. "ಯಾವುದೂ ಇಲ್ರಿ ಫಾದರ್," ಎಂದಳು. "ಸುಮ್ನ ಬಂದೆ."

"ಹಾಗೆಯೇ ಹೇಳುದು ಎಲ್ಲರೂ," ಎಂದು ಅವರು ನಕ್ಕರು. ಬೇಸರವಿಲ್ಲದ, ರೂಢಿಯಾದ ನಗು. "ಸೆಪ್ಟೆಂಬರಿನಲ್ಲಿ ಕ್ಲಾಸ್ ಶುರು ಉಂಟು, ಆಫೀಸಿನಲ್ಲಿ ಹೆಸರು ಕೊಡಿ." ಹಿಂದೆ ನಿಂತಿದ್ದ ಮುದುಕಿಯ ಕಡೆಗೆ ಅವರ ಕೈ ಆಗಲೇ ಹೊರಳಿತ್ತು.

ಅವಳು ಪಕ್ಕಕ್ಕೆ ಸರಿದು ಸ್ವಲ್ಪ ಹೊತ್ತು ನಿಂತಳು. ಸಾಲು ಮುಗಿಯುವ ತನಕ ಕಾದು ಮತ್ತೆ ಹೇಳಬಹುದಿತ್ತು. ಆದರೆ ಏನೆಂದು ಹೇಳುವುದು? ನಂಬಿಕೆ ಉಂಟು ಎಂದು ಸುಳ್ಳು ಹೇಳಿದವರೂ ಇದೇ ಬಾಗಿಲಲ್ಲಿ, ಇದೇ ಮಾತುಗಳಲ್ಲಿ ಹೇಳಿದ್ದರು. ಅವರು ಬಳಸದೆ ಉಳಿಸಿದ ಮಾತು ಅವಳಿಗೆ ಒಂದೂ ಹೊಳೆಯಲಿಲ್ಲ. ತಾನು ಬಂದದ್ದು ಸುಮ್ಮನೆಯೇ ಹೌದೋ ಅಲ್ಲವೋ ಎಂಬ ಗುಮಾನಿಯೂ, ಫಾದರ್ ಕೇಳಿದ ಮೇಲೆ, ಅವಳೊಳಗೇ ಎದ್ದಿತು.

ಅಂಗಡಿಗೆ ಹೋಗಿ ಹಾಲು, ಮೊಸರು ಕೊಂಡಳು. ಮುಂದಿನ ಭಾನುವಾರ ಅವಳು ಆ ದಾರಿ ಹಿಡಿಯಲಿಲ್ಲ. ಆ ಮುಂದಿನ ಭಾನುವಾರವೂ ಇಲ್ಲ.